ಧ್ವಜಕಂಬದ ನೆರಳಿನಿಂದ ಶುರುವಾಗುವ ಸೂರ್ಯಪಾಠ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೂರ್ಯನ ಬಗ್ಗೆಯೂ ಬಿಸಿಲಿನಿಂದ ಕಾಪಾಡಿಕೊಳ್ಳುವ ಬಗ್ಗೆಯೂ ಒಂದು ಪಾಠಸರಣಿ ಮಾಡಬೇಕೆಂದಿದ್ದೇನೆ. ಹುಡುಕಿದಲ್ಲೆಲ್ಲ ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ ಇವೇ ಸಿಗುತ್ತವೆ. ನಮ್ಮ ಮಕ್ಕಳಿಗೆ ಇವು ಎಷ್ಟು ಅಗತ್ಯ? ಪ್ರಾರ್ಥನೆಯಲ್ಲಿ ಮಕ್ಕಳು ತಲೆಸುತ್ತಿ ಬೀಳುವುದು ಬಿಸಿಲಿನಿಂದಲೇ? ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆ ಎನ್ನುವುದು ನಿಜವೇ? ಗ್ರಹಣದ ದಿನ ಮಕ್ಕಳನ್ನು ಶಾಲೆಗೆ ಕಳಿಸದ ಪೋಷಕರಿಗೆ ಏನು ಹೇಳಲಿ? ಈ ಪಾಠವನ್ನು ಯಾವ ತಿಂಗಳಲ್ಲಿ ಶುರು ಮಾಡಿದರೆ ಒಳ್ಳೆಯದು?

ಉತ್ತರ: ನಿಮಗೆ ಸಿಕ್ಕಿರುವ ಪಾಠಗಳು ತಪ್ಪಲ್ಲ, ಆದರೆ ಅವು ಬೇರೆ ನೆಲಕ್ಕೆ ಬರೆದವು. ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಎಂದು ಶಾಲಾಮಕ್ಕಳಿಗೆ ಬಾಯಿಪಾಠ ಮಾಡಿಸುವ ಕ್ರಮ ಹೆಸರಾದದ್ದು 1981ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಪ್ರಚಾರದಿಂದ. ಬಿಳಿ ಚರ್ಮದ ಜನ ಕಡುಬಿಸಿಲಿನ ನಾಡಿಗೆ ಬಂದು ನೆಲೆಸಿದ್ದರಿಂದ ಅಲ್ಲಿ ಚರ್ಮದ ಕ್ಯಾನ್ಸರ್ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆ ತಕ್ಕ ಪಾಠವನ್ನು ಅವರು ಮಾಡಿಕೊಂಡರು. ಮಧುಗಿರಿಯ ಮಗುವಿಗೆ ಬಿಸಿಲಿನಿಂದ ಬರುವ ತೊಂದರೆಗಳ ಸಾಲಿನಲ್ಲಿ ಮೊದಲು ನಿಲ್ಲುವವು ಮೈ ಕಾವೇರುವುದು, ನೀರಿನಂಶ ಬತ್ತುವುದು ಮತ್ತು ಕಣ್ಣಿಗೆ ಆಗುವ ಹಾನಿ. ಚರ್ಮದ ವಿಷಯ ಬರುವುದು ಇವುಗಳ ಬಳಿಕ. ಆದ್ದರಿಂದ ಆ ಪಾಠಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಬೇಡಿ. ಕೊಳ್ಳಲಾಗದ ವಸ್ತುಗಳ ಪಟ್ಟಿಯೊಂದನ್ನು ಮಗುವಿನ ಕೈಗೆ ಕೊಟ್ಟು ಕಳಿಸಿದರೆ, ಅದು ಮನೆಗೆ ಒಯ್ಯುವುದು ಕೊರಗನ್ನೇ ಹೊರತು ತಿಳಿವಳಿಕೆಯನ್ನಲ್ಲ.

ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿ, ಆಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳ ಶಿಕ್ಷಕರ ಜೊತೆ ಕೆಲಸ ಮಾಡಿದ ನನ್ನ ಅಭಿಪ್ರಾಯ ಇಷ್ಟು: ಸೂರ್ಯನ ಪಾಠವೂ ಬಿಸಿಲಿನ ಎಚ್ಚರಿಕೆಯೂ ಎರಡು ಪಾಠಗಳಲ್ಲ, ಎರಡಕ್ಕೂ ಉಪಕರಣ ಒಂದೇ, ಅದು ನೆರಳು. ನಮ್ಮ ಭಾಷೆಯಲ್ಲಿ ಅದಕ್ಕೆ ದಾರಿಯೂ ಸಿದ್ಧವಾಗಿದೆ. ನಮ್ಮ ಕಡೆಯ ಹಳ್ಳಿಗರ ಮಾತಿನಲ್ಲಿ ‘ಹೊತ್ತು’ ಎಂದರೆ ಸಮಯ, ಹೊತ್ತು ಎಂದರೆ ಸೂರ್ಯ ಕೂಡ. ಹೊತ್ತು ಮೂಡಿತು, ಹೊತ್ತು ನೆತ್ತಿಗೇರಿತು, ಹೊತ್ತು ಮುಳುಗಿತು, ಮನೆಗೆ ಹೋಗಲು ಹೊತ್ತಾಯಿತು. ಗಡಿಯಾರ ಇಲ್ಲದ ಕಾಲದಲ್ಲಿ ಅಜ್ಜಂದಿರು ನೆರಳನ್ನು ಹೆಜ್ಜೆಯಲ್ಲಿ ಅಳೆದು ಹೊತ್ತು ಹೇಳುತ್ತಿದ್ದರೆಂಬುದನ್ನು ಮಕ್ಕಳು ಮನೆಯಲ್ಲಿ ಕೇಳಿ ಬರಲಿ. ಎಳೆಬಿಸಿಲು, ಹೂಬಿಸಿಲು, ಏರುಬಿಸಿಲು, ಉರಿಬಿಸಿಲು, ಇಳಿಬಿಸಿಲು ಎಂಬ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಪ್ರತಿಯೊಂದರ ವೇಳೆಯಲ್ಲೂ ತಮ್ಮ ನೆರಳು ಎಷ್ಟು ಉದ್ದವಿರುತ್ತದೆಂದು ಅಳೆಯಲು ಹೇಳಿ. ಪಾಠದ ಅರ್ಧ ಅಲ್ಲೇ ಮುಗಿಯುತ್ತದೆ.

ಇನ್ನರ್ಧಕ್ಕೆ ಶಾಲೆಯ ಧ್ವಜಕಂಬವನ್ನು ಬಳಸಿಕೊಳ್ಳಿ. ನಮ್ಮ ಹಳೆಯ ಖಗೋಳ ಗ್ರಂಥಗಳು ಶಂಕು ಎಂದು ಕರೆಯುವ ನೆಟ್ಟಗಿನ ಕಡ್ಡಿಗೆ ಇದಕ್ಕಿಂತ ಒಳ್ಳೆಯ ರೂಪ ಸಿಗಲಾರದು. ಇಪ್ಪತ್ತು ಅಡಿಯ ಕಂಬ ಎಂದಿಟ್ಟುಕೊಂಡರೆ, ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿ ಅದರ ನೆರಳು ಉತ್ತರಕ್ಕೆ ಸುಮಾರು ಹದಿನೈದು ಅಡಿ ಬೀಳುತ್ತದೆ. ಜೂನ್ 21ರ ಸುಮಾರಿಗೆ ಅದೇ ನೆರಳು ದಕ್ಷಿಣಕ್ಕೆ ಮೂರೂವರೆ ಅಡಿ ಬೀಳುತ್ತದೆ. ದಕ್ಷಿಣಕ್ಕೆ ಎಂಬುದನ್ನು ಗಮನಿಸಿ. ಉತ್ತರ ಗೋಳಾರ್ಧದಲ್ಲಿ ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೆ ಎಂದು ಬರೆಯುವ ಪುಸ್ತಕಗಳು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿನ ನಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಸುಮಾರು ಹದಿಮೂರೂವರೆ ಡಿಗ್ರಿ ಅಕ್ಷಾಂಶದ ನಮ್ಮೂರುಗಳಿಗೆ ಆ ಮಾತು ವರ್ಷದ ಮೂರೂವರೆ ತಿಂಗಳಿಗೂ ಹೆಚ್ಚು ಕಾಲ ಸುಳ್ಳು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಅಚ್ಚಾದ ಮಾತನ್ನು ಅಂಗಳದ ನೆರಳು ಸುಳ್ಳು ಮಾಡುವುದನ್ನು ಒಮ್ಮೆ ಕಂಡ ಮಗು ವಿಜ್ಞಾನವನ್ನು ಮತ್ತೆ ಬಾಯಿಪಾಠ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಸೂರ್ಯ ನೇರ ನೆತ್ತಿಗೆ ಬರುವ ಶೂನ್ಯ ನೆರಳಿನ ದಿನ ವರ್ಷಕ್ಕೆ ಎರಡು ಬಾರಿ ಬರುತ್ತದೆ. ತುಮಕೂರಿನಲ್ಲಿ ಏಪ್ರಿಲ್ 26ರ ಸುಮಾರಿಗೆ ಒಮ್ಮೆ, ಆಗಸ್ಟ್ 17ರ ಸುಮಾರಿಗೆ ಇನ್ನೊಮ್ಮೆ; ಚಿಕ್ಕಬಳ್ಳಾಪುರ ಮತ್ತು ಕೋಲಾರಗಳಲ್ಲಿ ಅದೇ ದಿನ ಅಥವಾ ಒಂದು ದಿನದ ವ್ಯತ್ಯಾಸದಲ್ಲಿ. ಉತ್ತರದಲ್ಲಿರುವ ಪಾವಗಡಕ್ಕೆ ಆಗಸ್ಟಿನ ದಿನ ಸ್ವಾತಂತ್ರ್ಯ ದಿನದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ತುಮಕೂರಿನಲ್ಲೂ ಆಗಸ್ಟ್ 15ರ ನಡುಹಗಲಿನಲ್ಲಿ ಇಪ್ಪತ್ತಡಿ ಕಂಬದ ನೆರಳು ಮೂರೇ ಅಂಗುಲ. ಬೆಳಿಗ್ಗೆ ಧ್ವಜ ಹಾರಿಸಿ, ಸಿಹಿ ಹಂಚಿ, ಮಕ್ಕಳು ಮನೆಗೆ ಹೊರಡುವ ಮುನ್ನ ಹನ್ನೆರಡೂವರೆಯವರೆಗೆ ನಿಲ್ಲಿಸಿಕೊಳ್ಳಲು ಸಾಧ್ಯವಾದರೆ, ಅದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ. ಮೋಡ ಮುಸುಕಿದರೆ ಹಿಂದಿನ ಮುಂದಿನ ಎರಡು ಮೂರು ದಿನಗಳಲ್ಲಿ ಒಂದಾದರೂ ಕೈಗೆ ಸಿಗುತ್ತದೆ.

ಹನ್ನೆರಡೂವರೆ ಏಕೆ, ಹನ್ನೆರಡು ಏಕಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಸೂರ್ಯನ ಪ್ರಕಾರ. ತುಮಕೂರು ಇರುವುದು ಸುಮಾರು 77.1 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ನಮ್ಮ ನಡುಹಗಲು ಸರಾಸರಿ 12.22ಕ್ಕೆ ಆಗುತ್ತದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆ. ಹೀಗಾಗಿ ಈ ವೇಳೆ ನವೆಂಬರ್ ಮೊದಲ ವಾರ 12.05ಕ್ಕೆ ಹಿಂದೆ ಸರಿಯುತ್ತದೆ, ಫೆಬ್ರವರಿ ಎರಡನೇ ವಾರ 12.36ಕ್ಕೆ ಮುಂದೆ ಹೋಗುತ್ತದೆ. ಕೋಲಾರದವರಿಗೆ ಎಲ್ಲವೂ ನಾಲ್ಕು ನಿಮಿಷ ಮೊದಲು. ಎಂಟನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ಸಲೀಸಾಗಿ ಮಾಡಬಲ್ಲರು. ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಕೀಳಬಹುದು. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ 14.7 ಕೋಟಿ ಕಿಲೋಮೀಟರ್ ದೂರದಲ್ಲಿರುವುದು ಚಳಿ ಕೊರೆಯುವ ಜನವರಿ ಮೊದಲ ವಾರದಲ್ಲಿ. ಅತಿ ದೂರ, 15.2 ಕೋಟಿ ಕಿಲೋಮೀಟರ್ ಹೋಗುವುದು ಜುಲೈ ಮೊದಲ ವಾರದಲ್ಲಿ. ಬೇಸಿಗೆಯನ್ನು ತರುವುದು ದೂರವಲ್ಲ, ಬೆಳಕು ನೆಲಕ್ಕೆ ಬೀಳುವ ಕೋನ ಮತ್ತು ಹಗಲಿನ ಉದ್ದ.

ಇನ್ನು ಎಚ್ಚರಿಕೆಯ ಭಾಗಕ್ಕೆ ಬರೋಣ. ಇಲ್ಲಿ ನಮ್ಮ ಜನರ, ನಮ್ಮ ಶಿಕ್ಷಕರ ಕೂಡ, ಒಂದು ದೊಡ್ಡ ಗೊಂದಲವಿದೆ. ಬಿಸಿಲು ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೇವೆ: ಕಣ್ಣಿಗೆ ಕಾಣುವ ಬೆಳಕು, ಮೈಗೆ ತಿಳಿಯುವ ಕಾವು, ಕಣ್ಣಿಗೂ ಮೈಗೂ ತಿಳಿಯದೆ ಚರ್ಮ, ಕಣ್ಣುಗಳಿಗೆ ಹಾನಿ ಮಾಡುವ ನೇರಳಾತೀತ ಕಿರಣ. ಈ ಮೂರನ್ನು ಬಿಡಿಸಿ ನೋಡುವುದನ್ನು ಕಲಿಸಿದರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಹೊರಡುತ್ತವೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಅದರ ಪಾದರಸ ಏರಿತು, ಅದು ಅವಕೆಂಪು. ಮರುವರ್ಷವೇ ಯೋಹಾನ್ ರಿಟರ್ ಬೆಳ್ಳಿಯ ಕ್ಲೋರೈಡನ್ನು ನೇರಳೆಯ ಆಚೆ ಇಟ್ಟು ನೋಡಿದಾಗ, ಬೆಳಕೇ ಕಾಣದ ಕಡೆ ಅದು ಬೇಗ ಕಪ್ಪಾಯಿತು, ಅದು ನೇರಳಾತೀತ. ಹರ್ಷೆಲನ ಪ್ರಯೋಗವನ್ನು ಒಂದು ಪಟ್ಟಕ, ಒಂದು ರಟ್ಟಿನ ಪೆಟ್ಟಿಗೆ ಮತ್ತು ಬುರುಡೆಗೆ ಕಪ್ಪು ಬಳಿದ ಮೂರು ಉಷ್ಣಮಾಪಕಗಳಿಂದ ನಿಮ್ಮ ಶಾಲೆಯಲ್ಲೇ ಮಾಡಬಹುದು. ನೇರಳಾತೀತವನ್ನು ಅರಿಯಲು ನಮಗೆ ಇಂದ್ರಿಯವೇ ಇಲ್ಲ. ಜೇನುನೊಣಕ್ಕೆ ಅದು ಕಾಣುತ್ತದೆ ಎಂದರೆ ಮಕ್ಕಳಿಗೆ ತುಸು ಹೊಟ್ಟೆಕಿಚ್ಚೂ ಆಗುತ್ತದೆ.

ಬೆಳಕು ಬೇರೆ, ಕಾವು ಬೇರೆ ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಹಳ್ಳಿಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಪಾರ್ಕ್ ಹರಡಿಕೊಂಡಿದೆ. ಬಿಸಿ ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂದು ಆ ಕಡೆಯ ಮಕ್ಕಳೂ ನಂಬಿರುತ್ತಾರೆ. ನಿಜ ಅದರ ತಿರುವುಮುರುವು: ಸಿಲಿಕಾನ್ ಫಲಕಕ್ಕೆ ಬೇಕಾದದ್ದು ಬೆಳಕು, ಫಲಕ 25 ಡಿಗ್ರಿಗಿಂತ ಮೇಲೆ ಕಾದಂತೆಲ್ಲ ಪ್ರತಿ ಡಿಗ್ರಿಗೆ ಅದು ಕೊಡುವ ವಿದ್ಯುತ್ತು ಶೇ 0.3ರಿಂದ 0.5ರಷ್ಟು ಇಳಿಯುತ್ತದೆ. ತಂಪುಗಾಳಿ ಬೀಸುವ ಪ್ರಖರ ದಿನ ಅದಕ್ಕೆ ಸುಗ್ಗಿ.

ಈ ತಂಪುಗಾಳಿಯ ಪ್ರಖರ ದಿನವೇ ನಮ್ಮ ಚರ್ಮ ಮತ್ತು ಕಣ್ಣುಗಳಿಗೆ ಮೋಸ ಮಾಡುವ ದಿನ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳು ಕಡಲಮಟ್ಟದಿಂದ ಎಂಟುನೂರರಿಂದ ಒಂಬೈನೂರು ಮೀಟರ್ ಎತ್ತರದಲ್ಲಿವೆ. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಕಾವು ಮಾತ್ರ ಕಡಿಮೆಯಾಗುತ್ತದೆ. ರಾಯಚೂರಿನ ಬಿಸಿಲಿಗೆ ಹೋಲಿಸಿ ‘ನಮ್ಮದೇನು ಬಿಸಿಲೇ’ ಎನ್ನುವ ನಮ್ಮವರ ಮಾತು ಕಾವಿನ ಮಟ್ಟಿಗೆ ಸರಿ, ನೇರಳಾತೀತದ ಮಟ್ಟಿಗೆ ಸರಿಯಲ್ಲ. ಆಷಾಢದಲ್ಲಿ ಗಾಳಿ ಬೀಸುತ್ತದೆ, ಮೋಡ ಓಡುತ್ತದೆ, ಮೈ ತಣ್ಣಗಿರುತ್ತದೆ, ಮಕ್ಕಳು ಗಾಳಿಪಟದ ಹಿಂದೆ ಗಂಟೆಗಟ್ಟಲೆ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಆಗ ನಡುಹಗಲಿನ ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿಯೊಳಗೇ ಇರುತ್ತಾನೆ; ತೆಳು ಮೋಡ ನೇರಳಾತೀತದ ಶೇ 80ರವರೆಗೂ ಕೆಳಕ್ಕೆ ಬಿಡಬಲ್ಲದು. ಇದಕ್ಕೆ ತದ್ವಿರುದ್ಧ ಉದಾಹರಣೆ ತಗಡಿನ ಸೂರಿನ ಕೊಠಡಿ. ಅಲ್ಲಿ ನೇರಳಾತೀತ ಇಲ್ಲವೇ ಇಲ್ಲ ಎನ್ನಬಹುದು, ಆದರೂ ಏಪ್ರಿಲ್ ಮಧ್ಯಾಹ್ನ ಒಳಗೆ ಕೂತ ಮಗುವಿಗೆ ಕಾವು ತಗಲಬಹುದು. ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಚರ್ಚೆ ಮಾಡಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ನೇರಳಾತೀತ ಸೂಚ್ಯಂಕದಲ್ಲಿ 3ರಿಂದ ಮೇಲಕ್ಕೆ ಎಚ್ಚರ ಬೇಕು, 8ರಿಂದ ಮೇಲೆ ಬಹಳ ಹೆಚ್ಚು, 11ರಿಂದ ಮೇಲೆ ಅತಿ ತೀವ್ರ. ಸೂಚ್ಯಂಕ ನೋಡಲು ಮೊಬೈಲ್ ಬೇಕಿಲ್ಲ. ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದರೆ ನೇರಳಾತೀತ ಜೋರಾಗಿದೆ, ನೆರಳಿಗೆ ಹೋಗು. ನಿನಗಿಂತ ಉದ್ದವಾಗಿದ್ದರೆ ಅಷ್ಟು ಚಿಂತೆ ಬೇಡ. ಒಂದನೇ ತರಗತಿಯ ಮಗುವೂ ಪಾಲಿಸಬಹುದಾದ ನಿಯಮ ಇದು. ನೆರಳು ಆಳಿನಷ್ಟೇ ಉದ್ದವಿದ್ದಾಗ ಸೂರ್ಯ ದಿಗಂತದಿಂದ ಸರಿಯಾಗಿ 45 ಡಿಗ್ರಿ ಮೇಲಿರುತ್ತಾನೆ. ಅಲ್ಲಿಂದ ಮೇಲೇರಿದಂತೆ ಕಿರಣಗಳು ಹಾದುಬರುವ ಗಾಳಿಯ ಮತ್ತು ಓಝೋನಿನ ದಾರಿ ಗಿಡ್ಡವಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ನಿಮ್ಮೂರಿನಲ್ಲಿ ನೆರಳು ಆಳಿಗಿಂತ ಗಿಡ್ಡವಿರುವ ಅವಧಿ ಜೂನ್‌ನಲ್ಲಿ ಸುಮಾರು 9.20ರಿಂದ 3.30ರವರೆಗೆ, ಮಾರ್ಚ್ 21ರ ಸುಮಾರಿಗೆ 9.35ರಿಂದ 3.20ರವರೆಗೆ, ಡಿಸೆಂಬರಿನ ಚಳಿಯಲ್ಲೂ 10.35ರಿಂದ 2.05ರವರೆಗೆ. ವರ್ಷದ ಯಾವ ದಿನವೂ ಈ ನಿಯಮದಿಂದ ಪೂರ್ತಿ ಹೊರಗಿಲ್ಲ. ಈ ವೇಳೆಗಳನ್ನು ಮಕ್ಕಳಿಗೆ ಹೇಳಿಕೊಡಬೇಡಿ. ತಿಂಗಳಿಗೊಂದು ದಿನ ಜೋಡಿಯಾಗಿ ನಿಂತು ಒಬ್ಬರ ನೆರಳನ್ನು ಇನ್ನೊಬ್ಬರು ದಾರದಿಂದ ಅಳೆದು ಅವರೇ ಕಂಡುಕೊಳ್ಳಲಿ.

ಕಂಡುಕೊಂಡ ಮೇಲೆ ಅವರು ನಿಮ್ಮನ್ನೇ ಒಂದು ಇಕ್ಕಟ್ಟಿನ ಪ್ರಶ್ನೆ ಕೇಳಬಹುದು: ಹತ್ತು ಗಂಟೆಯ ಪ್ರಾರ್ಥನೆಯಲ್ಲಿ ನಮ್ಮ ನೆರಳು ಗಿಡ್ಡವೇ ಇತ್ತಲ್ಲ, ನಮ್ಮನ್ನೇಕೆ ಬಯಲಿನಲ್ಲಿ ನಿಲ್ಲಿಸಿದಿರಿ? ಈ ಪ್ರಶ್ನೆ ಬಂದರೆ ಪಾಠ ಫಲಿಸಿತೆಂದು ತಿಳಿಯಿರಿ. ಬಿಸಿಲಿನಿಂದ ಕಾಪಾಡುವ ಹೊಣೆಯ ದೊಡ್ಡ ಪಾಲು ಮಗುವಿನದಲ್ಲ, ವೇಳಾಪಟ್ಟಿ ಬರೆಯುವವರದು. ಹತ್ತು ನಿಮಿಷದ ಪ್ರಾರ್ಥನೆಯಿಂದ ಯಾರ ಚರ್ಮವೂ ಕೆಡುವುದಿಲ್ಲ, ಆದರೆ ಅದನ್ನು ಕಟ್ಟಡದ ಪಶ್ಚಿಮದ ನೆರಳಿಗೆ ಸರಿಸುವುದಕ್ಕೆ ಖರ್ಚೂ ಇಲ್ಲ. ಆಟದ ಅವಧಿಯನ್ನು ಮೂರೂವರೆಯ ನಂತರಕ್ಕೆ, ಕವಾಯತನ್ನು ಶನಿವಾರದ ಬೆಳಗಿನ ಶಾಲೆಗೆ ಇಟ್ಟುಕೊಳ್ಳಿ. ಆಗಸ್ಟಿನ ಪಥಸಂಚಲನದ ತಾಲೀಮನ್ನು ಮಧ್ಯಾಹ್ನ ಮಾಡಿಸುವ ಶಾಲೆಗಳು ಸೂರ್ಯ ನೆತ್ತಿಯ ಮೇಲೇ ಇರುವ ವಾರವನ್ನು ಅದಕ್ಕೆ ಆರಿಸಿಕೊಂಡಂತಾಗುತ್ತದೆ. ಆವರಣದ ಪಶ್ಚಿಮ ಅಂಚಿನಲ್ಲಿ ಇಂದು ನೆಟ್ಟ ಹೊಂಗೆ ಗಿಡ ಇಂದಿನ ಒಂದನೇ ತರಗತಿಯ ಮಗು ಎಂಟಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನದ ನೆರಳು ಕೊಡುತ್ತದೆ.

ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುವ ಮಕ್ಕಳ ವಿಷಯ ಬೇರೆ. ಬೆಳಿಗ್ಗೆ ಏನೂ ತಿನ್ನದೆ ಬಂದು, ಅಲುಗಾಡದೆ ನಿಂತಾಗ ರಕ್ತ ಕಾಲುಗಳಲ್ಲಿ ನಿಂತು ಮಿದುಳಿಗೆ ಕ್ಷಣಕಾಲ ಕಡಿಮೆಯಾಗುವುದು ಅದಕ್ಕೆ ಸಾಮಾನ್ಯ ಕಾರಣ. ಬಿಸಿಲು ಜೊತೆಗೂಡಿ ಅದನ್ನು ಬೇಗ ತರುತ್ತದೆ, ಅಷ್ಟೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಮಗು ಎದ್ದು ಕೂರುತ್ತದೆ. ಇದನ್ನು ಬಿಸಿಲ ಹೊಡೆತ ಎಂದು ಕರೆದರೆ ನಿಜವಾದ ಬಿಸಿಲ ಹೊಡೆತ ಬಂದಾಗ ಗುರುತಿಸಲಾರಿರಿ. ಆಟವಾಡಿದ ಅಥವಾ ಕಾವಿನಲ್ಲಿದ್ದ ಮಗುವಿಗೆ ಮೊದಲು ಬರುವುದು ಬಳಲಿಕೆ: ತಲೆನೋವು, ಓಕರಿಕೆ, ಬೆವರಿ ತೊಪ್ಪೆಯಾದ ಮೈ, ಸ್ನಾಯು ಹಿಡಿತ. ಇಲ್ಲಿ ನೆರಳು, ಗಾಳಿ, ಸಡಿಲ ಬಟ್ಟೆ, ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಓಆರ್‌ಎಸ್ ಸಾಕು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಉಪ್ಪು ಈ ಅಳತೆ ಮೀರಬಾರದು. ಮಗು ತಡವರಿಸಿ ಮಾತಾಡಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಮೈ ಕೆಂಡದಂತಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲ ಹೊಡೆತ. ಬೆವರು ನಿಂತಿದೆಯೇ ಎಂದು ನೋಡುತ್ತ ಕೂರಬೇಡಿ, ಬೆವರುತ್ತಿರುವ ಮಗುವಿಗೂ ಅದು ಬರುತ್ತದೆ. 108ಕ್ಕೆ ಕರೆ ಮಾಡಿ. ವಾಹನ ಬರುವ ತನಕ ಮೈತುಂಬ ನೀರು ಸುರಿದು, ರಟ್ಟಿನಿಂದಲಾದರೂ ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಇದಷ್ಟನ್ನು ಎಂಟನೇ ತರಗತಿಯ ಮಕ್ಕಳಿಗೂ ಅಭಿನಯ ಮಾಡಿಸಿ ಕಲಿಸಿ. ಬೇಸಿಗೆ ರಜೆಯಲ್ಲಿ ಹುಣಸೆಹಣ್ಣು ಬಡಿಯುವಲ್ಲಿ, ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಜೊತೆಗಿರುವವರು ಅವರೇ.

ನೀರು ಹೆಚ್ಚು ಕುಡಿಯಿರಿ ಎಂದು ಹೇಳುವಾಗ ಯಾವ ನೀರು ಎಂಬುದನ್ನೂ ನಮ್ಮ ಜಿಲ್ಲೆಗಳಲ್ಲಿ ಹೇಳಲೇಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಮೊದಲಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಆಗಬಹುದು. ಬೇಸಿಗೆಯಲ್ಲಿ ಮಗು ದುಪ್ಪಟ್ಟು ನೀರು ಕುಡಿದರೆ ಫ್ಲೋರೈಡೂ ದುಪ್ಪಟ್ಟು ಒಳಗೆ ಹೋಗುತ್ತದೆ; ಹಾಗಾಗಿ ಬಾಟಲಿ ತುಂಬಿಸುವುದು ಶುದ್ಧ ನೀರಿನ ಘಟಕದಿಂದ ಅಥವಾ ಮಳೆನೀರಿನ ತೊಟ್ಟಿಯಿಂದ ಆಗಲಿ.

ಸನ್‌ಸ್ಕ್ರೀನ್ ಬಗ್ಗೆ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಬಹುಪಾಲು ಮಕ್ಕಳಿಗೆ ಅದು ಬೇಕಿಲ್ಲ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ನೇರಳಾತೀತವನ್ನು ಸಾಕಷ್ಟು ತಡೆಯುತ್ತದೆ. ಉಳಿದದ್ದಕ್ಕೆ ಹತ್ತಿಯ ತುಂಬುತೋಳಿನ ಅಂಗಿ, ತಲೆಗೊಂದು ಟವೆಲು, ಅಜ್ಜನ ಕರಿಕೊಡೆ ಸಾಕು. ಆದರೆ ಒಂದು ಅಪವಾದವಿದೆ, ಅದನ್ನು ಮರೆಯಬಾರದು. ಹುಟ್ಟಿನಿಂದ ಚರ್ಮ, ಕೂದಲು ಬಿಳಿಯಿರುವ ಅಲ್ಬಿನಿಸಂ ಇರುವ ಮಗು ಅಥವಾ ತೊನ್ನು ಇರುವ ಮಗು ನಿಮ್ಮ ತರಗತಿಯಲ್ಲಿದ್ದರೆ, ಅದಕ್ಕೆ ಟೋಪಿ, ತುಂಬುತೋಳು, ವೈದ್ಯರು ಹೇಳಿದ ಸನ್‌ಸ್ಕ್ರೀನ್ ಎಲ್ಲವೂ ಬೇಕು. ಅಲ್ಬಿನಿಸಂ ಇರುವ ಮಗುವಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ದೂರದ್ದು ಮಂದವಾಗಿ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿ.

ಇನ್ನೊಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಬಿಸಿಲಿಗೆ ಹೋದರೆ ಕಪ್ಪಾಗುತ್ತೀರಿ ಎಂಬ ವಾದವನ್ನು ಈ ಪಾಠದಲ್ಲಿ ಒಮ್ಮೆಯೂ ಬಳಸಬೇಡಿ. ನಮ್ಮಲ್ಲಿ ಹುಡುಗಿಯರು ಆಟದ ಮೈದಾನ ಬಿಟ್ಟು ಕೂರುವುದಕ್ಕೆ ಈ ಮಾತು ಈಗಾಗಲೇ ಸಾಕಷ್ಟು ಕೆಲಸ ಮಾಡಿದೆ. ಕಪ್ಪಾಗುವುದು ಚರ್ಮ ತನ್ನನ್ನು ಕಾಯ್ದುಕೊಳ್ಳುವ ಬಗೆ. ಅದನ್ನು ಕೊಳೆ ಅಥವಾ ಕುಂದು ಎಂಬಂತೆ ಹೇಳಿದರೆ ವಿಜ್ಞಾನದ ಹೆಸರಿನಲ್ಲಿ ಫೇರ್‌ನೆಸ್ ಕ್ರೀಮಿನ ಜಾಹೀರಾತು ಓದಿದಂತಾಗುತ್ತದೆ.

ವಿಟಮಿನ್ ಡಿ ಬಗ್ಗೆ ನಮ್ಮಲ್ಲಿ ಪ್ರಚಲಿತವಿರುವ ಮಾತು ಸರಿಯಲ್ಲ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ, ನೇರಳಾತೀತದ ಒಂದು ಬಗೆಯಾದ ನೇರಳಾತೀತ-ಬಿ ಕಿರಣಗಳು, ನೆರಳು ಉದ್ದವಿರುವ ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ಅವು ಬರುವುದು ನೆರಳು ಗಿಡ್ಡವಾದ ಮೇಲೆಯೇ. ಬೆಳಗಿನ ಬಿಸಿಲು ಹಿತ, ಆದರೆ ಆ ಕೆಲಸಕ್ಕೆ ಅದು ಸಾಲದು. ನಡೆದು ಶಾಲೆಗೆ ಬಂದು, ಊಟದ ಬಿಡುವಿನಲ್ಲಿ ಒಂದಿಷ್ಟು ಹೊರಗೆ ಓಡಾಡುವ ಮಗುವಿಗೆ ಅಷ್ಟು ಬಿಸಿಲು ತಾನಾಗಿ ಸಿಗುತ್ತದೆ. ಅದಕ್ಕೆಂದು ಬಯಲಿನಲ್ಲಿ ನಿಲ್ಲಿಸಬೇಕಾಗಿಲ್ಲ. ಕೊರತೆಯ ಅನುಮಾನವಿದ್ದರೆ ವೈದ್ಯರು ನೋಡಲಿ.

ಕಣ್ಣಿನ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರಗಳಿಲ್ಲ. ಸೂರ್ಯನನ್ನು ದಿಟ್ಟಿಸಿದವರಿಗೆ ಆ ಕ್ಷಣ ನೋವಾಗದೆ, ಗಂಟೆಗಳ ಬಳಿಕ ನೋಟದ ನಡುವೆ ಮಸುಕು ಕಾಣಿಸಿಕೊಳ್ಳುತ್ತದೆ. ಗ್ರಹಣದಂದು ಸೂರ್ಯನಿಂದ ವಿಶೇಷ ವಿಷಕಿರಣವೇನೂ ಬರುವುದಿಲ್ಲ. ಬೇರೆ ದಿನ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ, ಗ್ರಹಣದ ದಿನ ಮಂದ ಬೆಳಕಿನ ಆಸೆಗೆ ನಾವು ಬಲವಂತವಾಗಿ ತೆರೆದು ನೋಡುತ್ತೇವೆ. ಅಪಾಯ ಇರುವುದು ಅಲ್ಲಿ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಸಿ.ಡಿ., ಅರಿಶಿನದ ಅಥವಾ ಸಗಣಿಯ ನೀರಿನಲ್ಲಿ ಕಾಣುವ ಪ್ರತಿಬಿಂಬ ಇವುಗಳಲ್ಲಿ ಯಾವುದೂ ಸುರಕ್ಷಿತವಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಒಮ್ಮೆ ಮಕ್ಕಳ ಕೈಗೆ ಎಕ್ಸ್‌ರೇ ಹಾಳೆ ಕೊಟ್ಟಿದ್ದೆ. ಯಾರಿಗೂ ಏನೂ ಆಗಲಿಲ್ಲವೆಂಬುದು ಅದೃಷ್ಟ, ಜಾಣತನವಲ್ಲ. ಐಎಸ್‌ಒ 12312-2 ಮಾನಕದ ಗ್ರಹಣ ಕನ್ನಡಕ, ಗೀರಿಲ್ಲದೆ ತೂತಿಲ್ಲದೆ ಇದ್ದರೆ ಮಾತ್ರ ಬಳಸಿ.

ಕನ್ನಡಕಕ್ಕಿಂತ ಒಳ್ಳೆಯ ದಾರಿ ಸೂರ್ಯನಿಗೆ ಬೆನ್ನು ಮಾಡಿ ಸೂರ್ಯನನ್ನು ನೋಡುವುದು. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ಪಥ ಉತ್ತರ ಕರ್ನಾಟಕವನ್ನು ಹಾದುಹೋದಾಗ ನಮ್ಮ ಕಡೆ ಭಾಗಶಃ ಗ್ರಹಣವಿತ್ತು. ನಮ್ಮನ್ನೆಲ್ಲ ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ಹೆಂಚಿನ ಸಂದಿಯಿಂದ ಪ್ರತಿದಿನ ನೆಲದ ಮೇಲೆ ಬೀಳುತ್ತಿದ್ದ ದುಂಡು ಬೆಳಕಿನ ಬಿಲ್ಲೆಗಳು ಆ ಮಧ್ಯಾಹ್ನ ಕುಡುಗೋಲುಗಳಾದವು. ಗ್ರಹಣ ನೋಡಬಾರದೆಂದು ಮುಚ್ಚಿದ ಮನೆಯೊಳಗೇ ಗ್ರಹಣ ಬಂದು ಬಿದ್ದಿತ್ತು. ಆ ಬಿಲ್ಲೆಗಳು ಸೂರ್ಯನ ಬಿಂಬಗಳೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಹುಣಸೆಮರದ ಅಡಿಯ ದುಂಡು ಬೆಳಕಿನ ಚುಕ್ಕೆಗಳೂ ಅವೇ.

ಇದನ್ನೇ ಅಳತೆಯ ಪಾಠ ಮಾಡಬಹುದು. ಕಡಲೆಕಾಳಿನಷ್ಟು ತೂತಿರುವ ಕಾಗದವನ್ನು ಕನ್ನಡಿಗೆ ಅಂಟಿಸಿ, ಅದರಿಂದ ಬಿಸಿಲನ್ನು ಕತ್ತಲು ಮಾಡಿದ ಕೊಠಡಿಯ ಗೋಡೆಗೆ ಹಾಯಿಸಿ. ಕನ್ನಡಿಯೊಳಗೆ ಯಾರೂ ಇಣುಕದಂತೆ ನೋಡಿಕೊಳ್ಳಿ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ದೂರವನ್ನು ಬಿಂಬದ ಅಗಲದಿಂದ ಭಾಗಿಸಿದರೆ 107ರ ಆಸುಪಾಸಿನ ಸಂಖ್ಯೆ ಬರುತ್ತದೆ. ಸೂರ್ಯನ ಸರಾಸರಿ ದೂರವಾದ 15 ಕೋಟಿ ಕಿಲೋಮೀಟರನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ 14 ಲಕ್ಷ ಕಿಲೋಮೀಟರ್. ಅದು ಸೂರ್ಯನ ವ್ಯಾಸ. ನಿಖರ ಬೆಲೆ 13.9 ಲಕ್ಷ. ಭೂಮಿಯನ್ನು ಅಡ್ಡಲಾಗಿ 109 ಸಲ ಜೋಡಿಸಬಹುದಾದ ಬೆಂಕಿಯುಂಡೆಯನ್ನು ನಿಮ್ಮ ಶಾಲೆಯ ಗೋಡೆಯ ಮೇಲೆ ಒಂದು ಸ್ಕೇಲಿನಿಂದ ಅಳೆದಂತಾಯಿತು. ಬೆಂಕಿಯುಂಡೆ ಎಂದದ್ದು ರೂಢಿಯ ಮಾತು. ಅಲ್ಲಿ ಏನೂ ಉರಿಯುತ್ತಿಲ್ಲ, ಒಂದೂವರೆ ಕೋಟಿ ಡಿಗ್ರಿಯ ಗರ್ಭದಲ್ಲಿ ಹೈಡ್ರೋಜನ್ ಕೂಡಿ ಹೀಲಿಯಂ ಆಗುತ್ತಿದೆ ಎಂದು ತಿದ್ದಿ ಹೇಳಿ.

ಕಣ್ಣಿಲ್ಲದೆಯೇ ಸೂರ್ಯನನ್ನು ನೋಡುವ ದೊಡ್ಡ ಕೆಲಸ ನಿಮಗೆ ಹತ್ತಿರದಲ್ಲೇ ನಡೆಯುತ್ತಿದೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯದಲ್ಲಿ, ಟಿವಿ ಆಂಟೆನಾಗಳ ಸಾಲಿನಂತೆ ಕಾಣುವ ಕಂಬಿಗಳು 1997ರಿಂದ ಸೂರ್ಯನ ಹೊರಪ್ರಭೆಯಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿದು ಚಿತ್ರ ಮಾಡುತ್ತಿವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ದೂರದರ್ಶಕವನ್ನು ಅದೇ ಸಂಸ್ಥೆ ಕೋಲಾರದ ದಾರಿಯಲ್ಲಿರುವ ಹೊಸಕೋಟೆಯ ಆವರಣದಲ್ಲಿ ಜೋಡಿಸಿತು.

ಪೋಷಕರೊಂದಿಗೆ ವಾದಕ್ಕೆ ಇಳಿಯಬೇಡಿ. ಗ್ರಹಣದ ದಿನ ತಟ್ಟೆಯಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎನ್ನುವವರಿದ್ದರೆ, ಒಂದು ಸಾಮಾನ್ಯ ಮಂಗಳವಾರ ಒನಕೆ ತರಿಸಿ ಮಕ್ಕಳಿಂದಲೇ ನಿಲ್ಲಿಸಿ ತೋರಿಸಿ. ಬುಡ ಮಟ್ಟಸವಾಗಿದ್ದರೆ ಅದು ಯಾವ ದಿನವೂ ನಿಲ್ಲುತ್ತದೆ. 2027ರ ಆಗಸ್ಟ್ 2ರ ಸೋಮವಾರ ಮಧ್ಯಾಹ್ನದ ನಂತರ ನಮಗೆ ಭಾಗಶಃ ಸೂರ್ಯಗ್ರಹಣ ಕಾಣಲಿದೆ. ಆಷಾಢದ ಮೋಡಗಳ ಮರ್ಜಿ ಇದ್ದದ್ದೇ. ಆದರೂ ಕನ್ನಡಿಯ ಬಿಂಬ ನೋಡಲು ಪೋಷಕರನ್ನೇ ಶಾಲೆಗೆ ಕರೆಯಿರಿ. ಮಗುವನ್ನು ಕಳಿಸದ ತಾಯಿ ಮಗುವಿನ ಜೊತೆ ಬರಲು ಒಪ್ಪುವುದುಂಟು.

ಯಾವ ತಿಂಗಳು ಎಂದಿರಿ. ಬೇಸಿಗೆಯ ಪಾಠ ಬೇಸಿಗೆಯಲ್ಲೇ ಎಂದು ಕಾದರೆ ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿರುತ್ತದೆ. ಜೂನ್‌ನಲ್ಲಿ, ನೆರಳು ದಕ್ಷಿಣಕ್ಕೆ ಬೀಳುತ್ತಿರುವಾಗ ಶುರು ಮಾಡಿ. ಧ್ವಜಕಂಬದ ನೆರಳಿನ ತುದಿಗೆ ತಿಂಗಳಿಗೊಂದು ಸುಣ್ಣದ ಗುರುತು ಹಾಕಿಸುತ್ತಾ ಬನ್ನಿ. ಆಗಸ್ಟಿನಲ್ಲಿ ಅದು ಕಂಬದ ಬುಡ ದಾಟಿ ಉತ್ತರಕ್ಕೆ ಹೊರಳುತ್ತದೆ, ಡಿಸೆಂಬರಿನಲ್ಲಿ ಅತಿ ದೂರ ಹೋಗಿ ಹಿಂತಿರುಗುತ್ತದೆ. ಮಾರ್ಚ್ ಕೊನೆಗೆ ಪ್ರತಿ ಮಗುವಿಗೂ ಒಂದು ಗೇಣಿನ ನೆಟ್ಟಗಿನ ಕಡ್ಡಿ ಕೊಟ್ಟು, ರಜೆಯಲ್ಲಿ ಈ ಮೂರು ಜಿಲ್ಲೆಗಳ ಯಾವ ಊರಿನಲ್ಲಿದ್ದರೂ ಏಪ್ರಿಲ್ 24ರಿಂದ 28ರವರೆಗೆ ದಿನವೂ 12.10ರಿಂದ 12.30ರ ನಡುವೆ ಅದನ್ನು ನೆಟ್ಟು, ನೆರಳು ಪೂರ್ತಿ ಮಾಯವಾದ ದಿನ ಮತ್ತು ನಿಮಿಷವನ್ನು ಬರೆದಿಟ್ಟುಕೊಂಡು ಬರಲು ಹೇಳಿ. ತಲೆಗೆ ಟವೆಲು ಹಾಕಿಕೊಂಡು ನೆಡಲಿ.